ಎಡಬಾಗಿಲಿನ ಮೆಟ್ಟಿಲು

ಹಳ್ಳದ ನಡುವೆ ಕೂತಿರುವ ಬಂಡೆಗೆ ಅತ್ತೆಕಲ್ಲು ಎಂದು ಹೆಸರಿಟ್ಟವಳು ಅಕ್ಕ. ಎಷ್ಟೇ ವಿನಯದಿಂದ ಪಕ್ಕಕ್ಕೆ ಸರಿದು ಹೋದರೂ ಅದು ಏನಾದರೊಂದು ಕೊಂಕು ತೆಗೆಯದೆ ಬಿಡುವುದಿಲ್ಲ ಎಂಬುದು ಅವಳ ಅನುಭವ. ಆ ಬೆಳಿಗ್ಗೆ ಅದು ನಮ್ಮ ಪಿಕಪ್ಪಿನ ಎಡಮಗ್ಗುಲಿನಲ್ಲಿ ಕೊಂಕು ತೆಗೆಯಿತು. ನೀರು ತೆಳ್ಳಗಿತ್ತು, ಬೆಳಕು ಒಳ್ಳೆಯದಿತ್ತು, ಭಾವನ ಕಣ್ಣೂ ಸರಿಯಾಗಿಯೇ ಇತ್ತು. ಆದರೂ ಸ್ಟಿಯರಿಂಗ್ ಒಂದಿಷ್ಟು ಹೆಚ್ಚು ತಿರುಗಿ, ಯಾರೋ ನಿದ್ದೆಯಲ್ಲಿ ಹಲ್ಲು ಕಡಿದಂಥ ಸದ್ದು ಕಾಲಡಿಯಿಂದ ಬಂತು. ಆಚೆ ದಡದಲ್ಲಿ ನಿಲ್ಲಿಸಿ ನೋಡಿದೆವು. ಬಾಗಿಲುಗಳ ಅಡಿಯಲ್ಲಿ ಉದ್ದಕ್ಕೆ ಹೋಗುವ ತಗಡಿನ ಅಂಚು ಒಂದೆಡೆ ಒಳಗೆ ಕುಸಿದಿತ್ತು. ಮುಂದಿನ ಎಡಬಾಗಿಲು ಅರ್ಧ ತೆರೆದು, ಮಾತಿನ ನಡುವೆ ಪದ ಮರೆತವರ ಹಾಗೆ ನಿಂತುಬಿಟ್ಟಿತು.

"ಅತ್ತೆ ಮಾತಾಡಿಸದೆ ಕಳಿಸಲ್ಲ ಅಂತ ಹೇಳಿರಲಿಲ್ವಾ?" ಎಂದಳು ಅಕ್ಕ, ಆ ಅರ್ಧ ಬಾಗಿಲಿನ ಒಳಗಿನಿಂದ.

"ಇದು ಮಾತಾಡಿಸಿದ್ದಲ್ಲ ಕಣೇ, ಕಚ್ಚಿದ್ದು," ಎಂದರು ಭಾವ.

ಹಳ್ಳದಾಚೆಯ ಕಲ್ಲಿನ ಇಳಿಜಾರಿನಲ್ಲಿ ಅಕ್ಕನ ಜೇನುಪೆಟ್ಟಿಗೆಗಳಿವೆ. ಅಲ್ಲಿಗೆ ಹೋಗುವುದನ್ನು ದಾರಿ ಎಂದು ಕರೆಯುವುದು ಔದಾರ್ಯದ ಮಾತು. ಹಿಂದೊಮ್ಮೆ ಯಾರೋ ಹೋಗಿದ್ದರು ಎಂಬ ನೆನಪು ಮಾತ್ರ ಅಲ್ಲಿ ನೆಲದ ಮೇಲೆ ಉಳಿದಿದೆ. ಪಿಕಪ್ಪನ್ನು ಕೊಂಡದ್ದೇ ಆ ನೆನಪಿನ ಮೇಲೆ ಓಡಿಸುವುದಕ್ಕೆ. ಭಾವನಿಗೆ ಸೊಂಟ ಹಿಡಿದಿದ್ದ ವರ್ಷದಲ್ಲಿ ಕೊಂಡದ್ದರಿಂದ ಕ್ಲಚ್ ಇಲ್ಲದ ಗಾಡಿಯನ್ನೇ ಆರಿಸಿದ್ದರು. ಓಡಿಸುವವರ ಎಡಗಾಲು ಕಿಟಕಿ ಪಕ್ಕದ ಪ್ರಯಾಣಿಕನಂತೆ ಸುಮ್ಮನೆ ಕೂತಿರಬಹುದು. ಓಡಿಸುವವರು ಭಾವ, ಅವರಿಗೆ ಬೇಸರವಾದ ದಿನ ನಾನು. ಉಳಿದ ದಿನಗಳಲ್ಲಿ ಹಿಂದಿನ ಸೀಟು ನನ್ನದು, ಮುಂದಿನ ಎಡಸೀಟು ಯಾವಾಗಲೂ ಅಕ್ಕನದು.

ಪುಸ್ತಕಗಳಿಗೆ ರಟ್ಟು ಕಟ್ಟುವುದು ನನ್ನ ಕಸುಬಾಗಿತ್ತು. ಈಗ ಕೈ ನಡುಗುವುದರಿಂದ ಸ್ನೇಹಿತರ ಪುಸ್ತಕಗಳಿಗೆ ಮಾತ್ರ ಕಟ್ಟುತ್ತೇನೆ. ಅವರ ಕಣ್ಣೂ ಮಂಜಾಗಿರುವುದರಿಂದ ಇಬ್ಬರಿಗೂ ತೃಪ್ತಿ. ನನ್ನ ಹುಬ್ಬು ಕೂಡ ನರೆತಿದೆ. ಆದರೂ ಅಕ್ಕ ನನ್ನನ್ನು ಕರೆಯುವುದು ಪುಟ್ಟ ಎಂದೇ. ಅಕ್ಕನಂತೂ ಮಕ್ಕಳು ಶಾಲೆಗೆ ಹೋಗುತ್ತಿದ್ದ ಕಾಲದುದ್ದಕ್ಕೂ ಒಂದು ಬೇಕರಿಯ ವ್ಯಾನು ಓಡಿಸಿದವಳು. ಊರು ಇನ್ನೂ ಕಣ್ಣುಜ್ಜುತ್ತಿರುವಾಗಲೇ ಅವಳು ಬ್ರೆಡ್ಡಿನ ಬಿಸಿ ವಾಸನೆಯನ್ನು ಬೀದಿಯಿಂದ ಬೀದಿಗೆ ಹೊತ್ತೊಯ್ಯುತ್ತಿದ್ದಳು. ಬೇಕರಿ ಮುಚ್ಚಿತು, ವ್ಯಾನು ಯಾರದೋ ಪಾಲಾಯಿತು, ಅವಳು ಜೇನು ಸಾಕತೊಡಗಿದಳು.

ಹೋದ ಚಳಿಗಾಲದಿಂದ ಅವಳ ಎಡ ಮೊಣಕಾಲು ಹಟ ಹಿಡಿದಿದೆ. ನಡೆಯುವುದಕ್ಕೆ ಅಡ್ಡಿಯಿಲ್ಲ, ಮಡಿಸುವುದಕ್ಕೂ ಅಡ್ಡಿಯಿಲ್ಲ. ಮಡಿಸಿದ ಆ ಕಾಲಿನ ಮೇಲೆ ಮೈಭಾರವನ್ನು ಹಾಕಿ ಮೇಲೇಳಬೇಕೆಂದರೆ ಮಾತ್ರ ಅದು ಒಪ್ಪುವುದಿಲ್ಲ. ಪಿಕಪ್ಪೋ, ನೆಲದಿಂದ ಬಹಳ ಎತ್ತರ. ಹೀಗಾಗಿ ಭಾವ ತಮ್ಮ ಹಳೆಯ ಅಂಗಡಿಯಿಂದ ಒಂದು ಮರದ ಸ್ಟೂಲು ತಂದಿದ್ದರು. ಪ್ರತಿಸಲವೂ ಎಡಬಾಗಿಲನ್ನು ತೆರೆದು ಹಿಡಿದು, ಸ್ಟೂಲನ್ನು ಇಟ್ಟು, ಅಕ್ಕನ ಮೊಣಕೈಗೆ ಆಸರೆಯಾಗಿ ನಿಲ್ಲುತ್ತಿದ್ದರು. ನಾನು ಹಿಂದಿನಿಂದ ಬೆನ್ನಿಗೆ ಕೈ ಕೊಡುತ್ತಿದ್ದೆ. ಅವಳು ಎರಡೂ ಕಾಲನ್ನು ಸ್ಟೂಲಿನ ಮೇಲೆ ತಂದು, ಬೆನ್ನು ತಿರುಗಿಸಿ, ಸೀಟಿನ ಅಂಚಿಗೆ ಕುಳಿತು, ಆಮೇಲೆ ಒಳಕ್ಕೆ ಸರಿಯುತ್ತಿದ್ದಳು.

ಬಂಡೆ ಕಚ್ಚಿದ ದಿನ, ಅರ್ಧ ತೆರೆದ ಬಾಗಿಲಿನಿಂದ ಅವಳನ್ನು ಇಳಿಸಿ ಹತ್ತಿಸುವಷ್ಟರಲ್ಲಿ ಮೂವರಿಗೂ ಉಸಿರು ಕಟ್ಟಿತು. ದಾರಿಯಲ್ಲಿ ಬೆನ್ನಚೀಲ ಹೊತ್ತು ಹೋಗುತ್ತಿದ್ದ ನಾಲ್ಕೈದು ಹುಡುಗಿಯರು ನಿಂತು, "ಸಹಾಯ ಬೇಕಾ ಅಜ್ಜಿ?" ಎಂದು ಕೇಳಿದರು. ಅಕ್ಕ ನಕ್ಕು ಬೇಡವೆಂದಳು. ವಾಪಸು ಬರುತ್ತ ಹಳ್ಳ ದಾಟಿದ ಮೇಲೆ ಹೇಳಿದಳು:

"ನೀವಿಬ್ಬರೂ ನನ್ನನ್ನ ಬೀರು ಸಾಗಿಸಿದ ಹಾಗೆ ಸಾಗಿಸ್ತೀರಿ. ಹಿಡಿ, ಎತ್ತು, ನಿಧಾನ, ಮೂಲೆ ತಗಲೀತು. ಸಾಕಪ್ಪ. ಈ ಸಲದ ಹೂವು ಮುಗೀಲಿ, ಪೆಟ್ಟಿಗೆಗಳನ್ನ ಆ ಗಿಡಗಳ ನರ್ಸರಿಯವಳಿಗೆ ಕೊಟ್ಟುಬಿಡ್ತೀನಿ. ಅವಳು ಯಾವಾಗಿಂದಲೋ ಕೇಳ್ತಿದ್ದಾಳೆ."

ಕನ್ನಡಿಯಲ್ಲಿ ಭಾವನ ಕಣ್ಣುಗಳು ಮಾತ್ರ ಕಾಣುತ್ತಿದ್ದವು. ಅಕ್ಕ ಪೆಟ್ಟಿಗೆಗಳನ್ನು ಕೊಟ್ಟರೆ ಏನನ್ನು ಕೊಟ್ಟಂತಾಗುತ್ತದೆ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಆ ಇಳಿಜಾರಿನಲ್ಲಿ, ಹೊಗೆಯ ಡಬ್ಬಿಯನ್ನು ಕೈಯಲ್ಲಿ ಹಿಡಿದು ಪೆಟ್ಟಿಗೆಯ ಮುಚ್ಚಳ ಎತ್ತುವಾಗ ಅವಳ ಮುಖದಲ್ಲಿ ಮೂಡುವ ಒಂದು ಬಗೆಯ ಆಲಿಸುವಿಕೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಹಾಡು ಕೇಳುವವರ ಮುಖವಲ್ಲ ಅದು; ಹಾಡು ಇನ್ನೂ ಬರಬೇಕು, ಬರುತ್ತದೆ ಎಂದು ನಂಬಿ ಕೂತವರ ಮುಖ.

ಮನೆ ತಲುಪಿದ ಮೇಲೆ ಭಾವ ಗಾಡಿಯ ಕೆಳಗೆ ಟಾರ್ಚು ಹಾಕಿ ನೋಡಿ, ಎದ್ದು, ಮಂಡಿಯ ಧೂಳು ಕೊಡವಿಕೊಂಡು ಘೋಷಿಸಿದರು: "ರಾಕ್ ಸ್ಲೈಡರ್ ಹಾಕಿಸೋಣ. ಬಾಗಿಲ ಕೆಳಗೆ ಉದ್ದಕ್ಕೂ ದಪ್ಪ ಪೈಪು. ಕಲ್ಲು ತಗಲಿದರೆ ಗಾಡಿ ಅದರ ಮೇಲೆ ಜಾರಿ ಹೋಗುತ್ತೆ. ಕಲ್ಲಿಗೆ ಕಾವಲು ಆಯಿತು. ಅದರ ಮೇಲೆ ಕಾಲಿಟ್ಟರೆ ಇವಳಿಗೆ ಮೆಟ್ಟಿಲೂ ಆಯಿತು. ಸ್ಟೂಲೂ ಬೇಡ, ನೀನೂ ಬೇಡ ಕಣಯ್ಯ ಭಾಮೈದ."

"ಅಂತೂ ನನ್ನನ್ನು ಸ್ಟೂಲಿನ ಸಾಲಿಗೆ ಸೇರಿಸಿದಿರಿ," ಎಂದೆ.

"ಸ್ಟೂಲು ಎದುರು ಮಾತಾಡಲ್ಲ," ಎಂದಳು ಅಕ್ಕ ಅಡುಗೆಮನೆಯಿಂದ.

ಭಾವನ ಅಂಗಡಿ ಕನ್ನಡಕದ್ದು. ಎದುರಿಗೆ ಕೂತವರ ಒಂದು ಕಣ್ಣಿಗೆ ಕಪ್ಪು ಮುಚ್ಚಳ ಹಾಕಿ, ಇನ್ನೊಂದರ ಮುಂದೆ ಗಾಜುಗಳನ್ನು ಎರಡೆರಡಾಗಿ ಹಿಡಿದು, "ಮೊದಲನೇದೋ, ಎರಡನೇದೋ?" ಎಂದು ಕೇಳುವುದರಲ್ಲೇ ಅವರ ಆಯುಷ್ಯದ ಬಹುಭಾಗ ಕಳೆದಿದೆ. ಬಂದವರೆಲ್ಲ ಹೇಳುತ್ತಿದ್ದುದು ಒಂದೇ: "ಇನ್ನೊಂದ್ಸಲ ತೋರಿಸಿ." ಅಂಗಡಿ ಮುಚ್ಚಿದ ಮೇಲೂ ಆ ಪ್ರಶ್ನೆ ಮುಚ್ಚಲಿಲ್ಲ. ಗೋಡೆಯ ಬಣ್ಣ, ಚಹಾದ ಸಕ್ಕರೆ, ದಿಂಬಿನ ಎತ್ತರ, ಎಲ್ಲವೂ ಆ ಮನೆಯಲ್ಲಿ ಜೋಡಿಯಾಗಿ ಬಂದು ನಿಂತು ತೀರ್ಪಿಗೆ ಕಾಯುತ್ತವೆ.

ಮರುದಿನ ಅಂಗಳದಲ್ಲಿ ಇಟ್ಟಿಗೆಗಳ ಸರದಿ. ಎಡಬಾಗಿಲ ಕೆಳಗೆ ಒಂದು ಕಡೆ ಎರಡು ಇಟ್ಟಿಗೆ, ಪಕ್ಕದಲ್ಲೇ ಮೂರು. ಮೆಟ್ಟಿಲು ಯಾವ ಎತ್ತರದಲ್ಲಿರಬೇಕು ಎಂಬುದನ್ನು ಭಾವ ಹೀಗೆ ಕಂಡುಹಿಡಿಯಲು ಹೊರಟಿದ್ದರು. ನನ್ನ ಪಾಲಿಗೆ ಇಟ್ಟಿಗೆ ಹೊರುವ ಕೆಲಸ.

"ಇದರ ಮೇಲೆ ಕಾಲಿಡು. ಆಯ್ತಾ? ಈಗ ಇದರ ಮೇಲೆ. ಮೊದಲನೇದೋ, ಎರಡನೇದೋ?"

"ಎರಡೂ ಒಂದೇ ರೀ."

"ಒಂದೇ ಆಗೋದಕ್ಕೆ ಸಾಧ್ಯವಿಲ್ಲ. ಸರಿಯಾಗಿ ನೋಡು."

"ಕಾಲಲ್ಲಿ ನೋಡೋದು ಹೇಗೆ? ಒಲೆ ಮೇಲೆ ಹಾಲಿದೆ, ಬಿಡಿ ನನ್ನ."

"ಎರಡನೇದು ಅಂತ ಬರಕೊಳ್ಳಲಾ?"

"ಬರಕೊಳ್ಳಿ. ನನ್ನ ಕಣ್ಣೂ ಹೀಗೇ ಬರಕೊಂಡಿದ್ರಿ, ಆ ಕನ್ನಡಕ ಹಾಕಿದರೆ ಇವತ್ತಿಗೂ ನೆಲ ಅಲೆಯಾಗಿ ಕಾಣುತ್ತೆ."

ಅವಳು ಒಳಗೆ ಹೋದ ಮೇಲೆ ಭಾವ ನನ್ನ ಕಡೆ ತಿರುಗಿ ದನಿ ತಗ್ಗಿಸಿದರು. "ಸುಳ್ಳು ಹೇಳ್ತಿದ್ದಾಳೆ. ಎರಡೂ ನೋಯ್ತು. ಗಾಜಿನ ಮುಂದೆ ಕೂತವರು ಸುಳ್ಳು ಹೇಳಿದರೆ ನನಗೆ ಗೊತ್ತಾಗುತ್ತೆ, ಉತ್ತರ ಬೇಗ ಬರುತ್ತೆ." ಅವರು ಒಂದು ಇಟ್ಟಿಗೆಯನ್ನು ತೆಗೆದು, ಮತ್ತೆ ಇಟ್ಟರು. "ಇನ್ನೂ ತಗ್ಗಿಸಬೇಕು."

ಗಾಡಿಗಳಿಗೆ ಕಬ್ಬಿಣದ ಕೆಲಸ ಮಾಡುವವನನ್ನು ಎಲ್ಲರೂ ಕಿಡಿ ಎಂದು ಕರೆಯುತ್ತಾರೆ. ಮೈ ಮಾತ್ರ ಕುಲುಮೆಯಷ್ಟಿದೆ. ಅವನ ಶೆಡ್ಡಿನ ತಗಡಿನ ಮಾಡಿನಲ್ಲಿ ಮೊಳೆಯ ತೂತುಗಳಿವೆ, ಹಗಲಿನಲ್ಲಿ ನೆಲದ ಮೇಲೆ ಬೆಳಕಿನ ಚುಕ್ಕಿಗಳು ಬಿದ್ದಿರುತ್ತವೆ. ಕಾದ ಕಬ್ಬಿಣ, ಹಳೆಯ ಗ್ರೀಸು, ಆಗಷ್ಟೇ ಬಳಿದ ಕಪ್ಪು ಬಣ್ಣ ಇವುಗಳ ವಾಸನೆಯಲ್ಲಿ ಒಂದು ಬಗೆಯ ಗಾಂಭೀರ್ಯವಿದೆ. ಗೋಡೆಯ ಉದ್ದಕ್ಕೂ ಸ್ಲೈಡರುಗಳನ್ನು ಅಡ್ಡಡ್ಡಲಾಗಿ ತೂಗುಹಾಕಿದ್ದ. ಹತ್ತುವುದನ್ನು ಬಿಟ್ಟು ಮಲಗಿಬಿಟ್ಟ ಏಣಿಗಳಂತೆ ಅವು ಕಂಡವು.

"ರಾಕ್ ಸ್ಲೈಡರಾ? ಕೂತ್ಕೊಳ್ಳಿ ಯಜಮಾನ್ರೇ," ಎಂದ ಕಿಡಿ, ಮುಖದ ಮುಸುಕನ್ನು ಹಣೆಗೆ ಏರಿಸಿ. "ನಿಂತು ಮುಗಿಸೋ ಮಾತಲ್ಲ ಇದು."

ನಾವು ಎರಡು ಹಳೆಯ ಟೈರುಗಳ ಮೇಲೆ ಕೂತೆವು. ಕಿಡಿ ಪಾಠ ಶುರು ಮಾಡಿದ.

"ಫುಟ್‌ಬೋರ್ಡ್ ಬೇರೆ, ಸ್ಲೈಡರ್ ಬೇರೆ. ಫುಟ್‌ಬೋರ್ಡ್ ಬರೀ ಒಡವೆ. ಗಾಡಿಯ ತಗಡಿಗೇ ಸಿಕ್ಕಿಸಿರ್ತಾರೆ, ಕಲ್ಲು ಮುಟ್ಟಿದರೆ ಅದೂ ಹೋಯ್ತು, ಬಾಗಿಲೂ ಹೋಯ್ತು. ಸ್ಲೈಡರ್‌ಗೆ ಬೇರು ಇರೋದು ಕೆಳಗೆ, ಚಾಸಿಯಲ್ಲಿ, ಗಾಡಿಯ ಬೆನ್ನೆಲುಬಲ್ಲಿ. ಅಲ್ಲಿಂದ ಕೈ ಚಾಚಿ ಹೊರಗೆ ಬಂದಿರುತ್ತೆ. ಇಡೀ ಗಾಡಿ ಅದರ ಮೇಲೆ ಕೂತರೂ ಬಗ್ಗಬಾರದು. ಬೇಕಾದರೆ ಅದಕ್ಕೇ ಜಾಕಿ ಕೊಟ್ಟು ಗಾಡಿ ಎತ್ತಿ."

ನನಗೆ ವಿಷಯ ತಕ್ಷಣ ಹೊಳೆಯಿತು. ಪುಸ್ತಕ ಎಲ್ಲಕ್ಕಿಂತ ಮೊದಲು ಸವೆಯುವುದು ಕೆಳಗಿನ ಮೂಲೆಗಳಲ್ಲಿ; ಓದುವವರ ಕಣ್ಣು ಅಲ್ಲಿಗೆ ಹೋಗುವುದೇ ಇಲ್ಲ, ಕಪಾಟಿನ ಹಲಗೆ ಮಾತ್ರ ಪ್ರತಿದಿನ ಅಲ್ಲಿಗೇ ಉಜ್ಜುತ್ತದೆ. ಅದಕ್ಕೆಂದೇ ನಾವು ಮೂಲೆಗೆ ಗಟ್ಟಿ ಬಟ್ಟೆ ಹಾಕುತ್ತಿದ್ದೆವು. ಇದನ್ನು ಕಿಡಿಗೆ ಹೇಳಿದೆ.

"ನಿಮ್ಮ ಪುಸ್ತಕ ಹಳ್ಳ ದಾಟಲ್ಲವಲ್ಲ," ಎಂದ ಅವನು.

ಭಾವ ಗೋಡೆಯ ಮುಂದೆ ನಿಂತು ಆರಿಸತೊಡಗಿದರು. ನೇರವಾದದ್ದೋ, ಹಿಂದಿನ ಚಕ್ರದ ಹತ್ತಿರ ಹೊರಕ್ಕೆ ಬಾಗಿದ್ದೋ? ಬಾಗಿದ್ದಾದರೆ ತಿರುವಿನಲ್ಲಿ ಗಾಡಿಯ ಹಿಂಭಾಗವನ್ನು ಬಂಡೆಯಿಂದ ಆಚೆ ತಳ್ಳುತ್ತದೆ, ಮೇಲಾಗಿ ಅಲ್ಲಿ ಕಾಲಿಟ್ಟು ಹಿಂದಿನ ತೊಟ್ಟಿಯೊಳಗಿನ ಸಾಮಾನು ಎತ್ತಿಕೊಳ್ಳಬಹುದು ಎಂದ ಕಿಡಿ. ಬಾಗಿದ್ದೇ ಗೆದ್ದಿತು. ಬರಿಯ ಪೈಪೋ, ಮೇಲೆ ಉಬ್ಬುಗೆರೆಯ ತಗಡು ಹೊದಿಸಿದ್ದೋ? ಒದ್ದೆ ಕಾಲು ಜಾರಬಾರದೆಂದು ತಗಡು ಗೆದ್ದಿತು. ಹೊಳೆಯುವ ಕಪ್ಪೋ, ಒರಟು ಕಪ್ಪೋ ಎಂಬಲ್ಲಿ ಒರಟು ಗೆದ್ದಿತು, ಏಕೆಂದರೆ ಅದರಲ್ಲಿ ಗೀರು ಕಡಿಮೆ ಕಾಣುತ್ತದೆ. ಚಾಸಿಗೆ ವೆಲ್ಡಿಂಗೋ, ಬೋಲ್ಟೋ ಎಂಬಲ್ಲಿಗೆ ಬಂದಾಗ ಕಿಡಿಯ ಮುಖ ಕೆಂಪಾಯಿತು.

"ವೆಲ್ಡಿಂಗ್ ಮಾಡೋನ ಹತ್ತಿರ ಬಂದು ಬೋಲ್ಟ್ ಕೇಳ್ತೀರಲ್ಲ ಯಜಮಾನ್ರೇ. ನಾನು ಕನ್ನಡಕದ ಅಂಗಡಿಗೆ ಬಂದು ಬೈನಾಕ್ಯುಲರ್ ಕೇಳಿದ್ನಾ?"

"ಕೇಳಿದ್ದೆ," ಎಂದರು ಭಾವ. "ನಿನ್ನ ಮದುವೆಗೆ ಮುಂಚೆ. ಎದುರು ಮನೆ ನೋಡೋದಕ್ಕೆ."

ಕಿಡಿ ಬೋಲ್ಟಿನ ಡಬ್ಬಿ ಎಳೆದುಕೊಂಡು, "ಬೋಲ್ಟೇ ಹಾಕೋಣ ಬಿಡಿ, ಬಿಚ್ಚೋದಕ್ಕೂ ಅನುಕೂಲ," ಎಂದ.

ಕೊನೆಯಲ್ಲಿ ಎತ್ತರದ ಪ್ರಶ್ನೆ ಬಂತು. ಎಲ್ಲವೂ ಅಲ್ಲಿ ಬಂದು ತಡೆದು ನಿಂತಿತು.

"ನೋಡಿ," ಎಂದ ಕಿಡಿ, ಕಾಲಲ್ಲಿ ನೆಲದ ಮೇಲೆ ಗೆರೆ ಎಳೆದು. "ಕಲ್ಲಿಗೆ ಅಂದರೆ ಪೈಪು ಆದಷ್ಟು ಮೇಲೆ, ಬಾಗಿಲಿಗೆ ಅಂಟಿದ ಹಾಗಿರಬೇಕು. ಅಮ್ಮನ ಕಾಲಿಗೆ ಅಂದರೆ ಆದಷ್ಟು ಕೆಳಗಿರಬೇಕು. ಕೆಳಗೆ ಬಂದರೆ ನಿಮ್ಮ ಅತ್ತೆಕಲ್ಲಿಗೆ ನೀವೇ ಕೈ ಕೊಟ್ಟ ಹಾಗೆ. ಪೈಪು ಯಾರ ಮಾತು ಕೇಳಬೇಕು?"

"ನನ್ನ ಹಾಗೆ ಇಬ್ಬರದ್ದೂ ಕೇಳಲಿ," ಎಂದರು ಭಾವ.

ಆಮೇಲೆ ಬಹಳ ಹೊತ್ತು ಚರ್ಚೆ ನಡೆಯಿತು. ಚಹಾ ಬಂತು, ಹೋಯಿತು. ಕೊನೆಗೆ ಹೊಳೆದ ಉಪಾಯ ಭಾವನದು: ಪೈಪು ಮೇಲೆಯೇ ಇರಲಿ, ಎಡಬಾಗಿಲಿನ ನೇರಕ್ಕೆ, ಪೈಪಿನಿಂದ ಕೆಳಗೆ, ದಪ್ಪ ರಬ್ಬರ್ ಪಟ್ಟಿಯಲ್ಲಿ ಒಂದು ಪುಟ್ಟ ಮೆಟ್ಟಿಲನ್ನು ತೂಗುಬಿಡುವುದು. ಬಂಡೆ ತಗಲಿದರೆ ಅದು ಹಿಂದಕ್ಕೆ ಮಡಚಿಕೊಳ್ಳುತ್ತದೆ, ದಾಟಿದ ಮೇಲೆ ಮತ್ತೆ ಇಳಿಬೀಳುತ್ತದೆ. ಕಿಡಿಗೆ ಉಪಾಯ ಎಷ್ಟು ಹಿಡಿಸಿತೆಂದರೆ ಅದು ತನ್ನದೇ ಎಂದು ಅವನು ಅಲ್ಲಿಯೇ ನಂಬಿಬಿಟ್ಟ.

"ಬಲಗಡೆಗೂ ಒಂದು ತೂಗುಬಿಡಲಾ?"

"ಬಲಗಡೆಗೆ ಯಾಕೆ? ಅಲ್ಲಿ ಹತ್ತೋನು ನಾನು. ಬರೀ ಪೈಪ್ ಸಾಕು," ಎಂದರು ಭಾವ.

ಮುಂದಿನ ವಾರ ಸ್ಲೈಡರುಗಳು ಕೂತವು. ಕಿಡಿ ಕುಸಿದ ಅಂಚನ್ನೂ ಎಳೆದು ಸರಿಮಾಡಿದ್ದ. ಎಡಬಾಗಿಲು ಮರೆತ ಪದವನ್ನು ನೆನಪಿಸಿಕೊಂಡು ಪೂರ್ತಿ ತೆರೆಯಿತು. ಎರಡೂ ಮಗ್ಗುಲಲ್ಲಿ ಒರಟು ಕಪ್ಪಿನ ಗೆರೆಗಳು ಬಂದು, ಇಷ್ಟು ವರ್ಷ ಅರ್ಧ ಬರೆದಂತಿದ್ದ ಗಾಡಿಯ ಅಡಿಗೆ ಯಾರೋ ಗೆರೆ ಎಳೆದು ಖಚಿತಪಡಿಸಿದಂತೆ ತೋರಿತು. ಎಡಗಡೆ ಮೆಟ್ಟಿಲು ಮೆಲ್ಲಗೆ ತೂಗುತ್ತಿತ್ತು. ಅಕ್ಕನನ್ನು ಆಟೋದಲ್ಲಿ ಶೆಡ್ಡಿನ ಅಂಗಳಕ್ಕೆ ಕರೆದುಕೊಂಡು ಬಂದಿದ್ದೆವು. ಭಾವ ಎಂದಿನಂತೆ ಎಡಬಾಗಿಲನ್ನು ತೆರೆದು ಹಿಡಿದು ನಿಂತರು. ಸ್ಟೂಲನ್ನು ಬೇಕೆಂದೇ ಮನೆಯಲ್ಲಿ ಬಿಟ್ಟು ಬಂದಿದ್ದರು.

ಅಕ್ಕ ಎಡಗಾಲನ್ನು ಮೆಟ್ಟಿಲ ಮೇಲಿಟ್ಟಳು. ಬಾಗಿಲಿನ ಹಿಡಿಯನ್ನು ಹಿಡಿದಳು. ಮೆಟ್ಟಿಲು ಒಂದು ಚೂರು ಹಿಂದಕ್ಕೆ ಸರಿಯಿತು. ಅವಳ ಮೈ ಅರ್ಧ ಎದ್ದು, ನಿಂತು, ಮತ್ತೆ ಇಳಿಯಿತು. ಮುಖದ ಮೇಲೆ ಯಾರೋ ಪರದೆ ಎಳೆದಂತಾಯಿತು. ಅದು ಒಂದು ಗಳಿಗೆ ಮಾತ್ರ.

"ಚೆನ್ನಾಗಿದೆ ರೀ," ಎಂದಳು.

"ಹತ್ತಿ ಕೂತು ನೋಡು."

"ಮನೆಗೆ ಹೋಗೋವಾಗ ಹತ್ತಿದರಾಯ್ತು. ಎಷ್ಟು ಗಟ್ಟಿಯಾಗಿ ಮಾಡಿದ್ದಾನೆ ನೋಡಿ, ಪಾಪ."

ಉತ್ತರ ಬೇಗ ಬಂದಿತ್ತು. ಭಾವ ನನ್ನನ್ನು ನೋಡಿದರು, ನಾನು ಶೆಡ್ಡಿನೊಳಗೆ ನೆಲದ ಮೇಲಿನ ಬೆಳಕಿನ ಚುಕ್ಕಿಗಳನ್ನು ನೋಡಿದೆ. ಆಮೇಲೆ ಅವರು ಕಿಡಿಯ ತೋಳು ಹಿಡಿದು, "ಪಟ್ಟಿ ಉದ್ದವಾಯಿತೋ, ಗಿಡ್ಡವಾಯಿತೋ? ಬಾ, ಇನ್ನೆರಡು ತುಂಡು ನೋಡೋಣ," ಎಂದು ಶೆಡ್ಡಿನ ಹಿಂಭಾಗಕ್ಕೆ ಹೊರಟರು. ಅವರ ನಡಿಗೆಯಲ್ಲಿ ಅವಸರವಿತ್ತು. ನಾನು ಶೆಡ್ಡಿನ ಬಾಗಿಲ ಬಳಿ ಉಳಿದೆ.

ಅಕ್ಕ ಅಂಗಳದಲ್ಲಿ ಒಬ್ಬಳೇ ನಿಂತು, ಕೈಚೀಲವನ್ನು ಎದೆಗವಚಿಕೊಂಡು, ಗಾಡಿಯನ್ನು ನೋಡುತ್ತಿದ್ದಳು. ಚಿಕ್ಕಂದಿನಲ್ಲಿ ನಮ್ಮ ಮನೆಯ ಹಿಂದಿನ ಗೋಡೆಯನ್ನು ಹತ್ತಿ ಕೂತು, ಹತ್ತಲಾರದ ನನಗೆ ಆಚೆ ಏನೇನು ಕಾಣುತ್ತದೆ ಎಂದು ವರದಿ ಒಪ್ಪಿಸುತ್ತಿದ್ದವಳು ಅವಳು. ಆಚೆ ಇದ್ದದ್ದು ಬರಿಯ ಇನ್ನೊಂದು ಅಂಗಳ; ಆದರೆ ಅವಳ ವರದಿಯಲ್ಲಿ ಆನೆಗಳಿದ್ದವು, ಹಡಗುಗಳಿದ್ದವು.

ಆಗಲೇ ಗೇಟಿನಲ್ಲಿ ಪೈಪು ತುಂಬಿದ ಲಾರಿಯೊಂದು ಬಂದು ನಿಂತು ಹಾರ್ನ್ ಹೊಡೆಯಿತು. ನಮ್ಮ ಪಿಕಪ್ಪು ಸರಿಯಾಗಿ ಅದರ ದಾರಿಗೆ ಅಡ್ಡ. ಲಾರಿಯವನು ಕಿಟಕಿಯಿಂದ ತಲೆ ಹಾಕಿದ.

"ಅಮ್ಮಾ, ಈ ಗಾಡಿ ಯಾರದು? ಸ್ವಲ್ಪ ತೆಗೆಸ್ತೀರಾ?"

ಒಳಗೆ ಕಿಡಿಯ ಕಟಿಂಗ್ ಯಂತ್ರ ಕಿರುಚುತ್ತಿತ್ತು, ಭಾವನಿಗೆ ಕೇಳಿಸುವಂತಿರಲಿಲ್ಲ. ನಾನು ಕರೆಯಲು ಬಾಯಿ ತೆರೆದೆ. ಅಕ್ಕ ಕೈಯೆತ್ತಿ ತಡೆದಳು.

"ತೆಗೆಸೋದು ಯಾಕೆ," ಎಂದಳು, ನನಗೋ ಲಾರಿಯವನಿಗೋ ಗೊತ್ತಾಗದ ಹಾಗೆ. ಗಾಡಿಯ ಮುಂಭಾಗವನ್ನು ಸುತ್ತಿ ಬಲಬಾಗಿಲಿಗೆ ಹೋದಳು. ಬೀಗದ ಕೈ ಗಾಡಿಯಲ್ಲೇ ಇತ್ತು. ಬಾಗಿಲು ತೆರೆದು, ಕೈಚೀಲವನ್ನು ಒಳಗೆ ಎಸೆದು, ಹಿಡಿಯನ್ನು ಹಿಡಿದು, ಬಲಗಾಲನ್ನು ಬರಿಯ ಪೈಪಿನ ಮೇಲೆ ಇಟ್ಟಳು. ಒಂದೇ ಉಸಿರಿಗೆ ಎದ್ದಳು. ಎಡಗಾಲು ಭಾರವಿಲ್ಲದೆ ಮಡಿಸಿಕೊಂಡು ಅವಳ ಹಿಂದೆಯೇ ಒಳಗೆ ಹೋಯಿತು, ತಾನೇನೂ ತಕರಾರು ಮಾಡಿದವನಲ್ಲ ಎಂಬಂತೆ. ಬಾಗಿಲು ಹಾಕಿಕೊಂಡಿತು.

ಪಿಕಪ್ಪು ಹಿಮ್ಮುಖವಾಗಿ ಚಲಿಸಿತು. ಗ್ಯಾಸ್ ಸಿಲಿಂಡರುಗಳ ಗುಂಪು ಒಂದು ಕಡೆ, ಕಬ್ಬಿಣದ ಪಟ್ಟಿಗಳ ರಾಶಿ ಇನ್ನೊಂದು ಕಡೆ, ನಡುವೆ ಕಿಡಿಯ ಪ್ರಾಣದಂಥ ಸ್ಕೂಟರು. ಅಕ್ಕ ಇವುಗಳ ನಡುವೆ ಗಾಡಿಯನ್ನು ಒಂದು ಉದ್ದನೆಯ ಬಾಗಿನಲ್ಲಿ ತೆಗೆದುಕೊಂಡು ಹೋಗಿ, ಅಂಗಳದ ಮೂಲೆಯ ಗೋಡೆಗೆ ಹಿಂಬದಿ ಒತ್ತಿ, ಚಕ್ರ ನೇರ ಮಾಡಿ ನಿಲ್ಲಿಸಿದಳು. ಬ್ರೆಡ್ಡಿನ ತಟ್ಟೆಗಳು ಒಂದಕ್ಕೊಂದು ತಗಲದಂತೆ ತಿರುವು ತೆಗೆದುಕೊಳ್ಳುವ ಆ ನಿಧಾನ ಅವಳ ಕೈಯಲ್ಲಿ ಇನ್ನೂ ಹಾಗೆಯೇ ಇತ್ತು. ಲಾರಿಯವನು ಹಣೆಗೆ ಕೈ ತಗಲಿಸಿ ಸಲಾಮು ಹೊಡೆದು ಒಳಗೆ ಬಂದ.

ಯಂತ್ರ ನಿಂತಿತು. ಭಾವ ಎರಡು ಕೈಯಲ್ಲಿ ಎರಡು ರಬ್ಬರ್ ತುಂಡುಗಳನ್ನು ಹಿಡಿದು ಹೊರಗೆ ಬಂದು, "ಮೊದಲನೇದೋ, ಎರಡನೇದೋ?" ಎಂದು ಖಾಲಿ ಜಾಗವನ್ನು ಕೇಳಿದರು.

"ಇಲ್ಲಿದ್ದೀನ್ರೀ," ಎಂದಳು ಅಕ್ಕ, ಮೂಲೆಯಿಂದ, ಮೊಣಕೈಯನ್ನು ಕಿಟಕಿಯ ಹೊರಗಿಟ್ಟುಕೊಂಡು.

ಭಾವ ಗಾಡಿಯ ಹತ್ತಿರ ಹೋದರು. ಅವಳನ್ನು ನೋಡಿದರು, ನೆಲವನ್ನು ನೋಡಿದರು, ಪೈಪನ್ನು ನೋಡಿದರು.

"ಹೇಗೆ ಹತ್ತಿದೆ?"

"ಹೇಗೆ ಅಂದರೆ? ಕಾಲಿಟ್ಟು ಹತ್ತಿದೆ."

"ಯಾವ ಕಾಲು?"

ಅಕ್ಕ ಬಗ್ಗಿ ತನ್ನ ಕಾಲುಗಳನ್ನು ಅಪರಿಚಿತರನ್ನು ನೋಡುವಂತೆ ನೋಡಿದಳು. "ಬಲಗಾಲು. ಅರೆ, ಹೌದಲ್ಲ."

ಭಾವ ರಬ್ಬರ್ ತುಂಡುಗಳನ್ನು ನನ್ನ ಕೈಗೆ ಕೊಟ್ಟು, ಎಡಬಾಗಿಲಿಗೆ ಹೋಗಿ ಹತ್ತಿದರು. ಎಡಗಾಲು ಮೆಟ್ಟಿಲ ಮೇಲೆ, ಬಲಗಾಲು ಒಳಗೆ. ಇಳಿದರು. ಬಲಬಾಗಿಲಿಗೆ ಬಂದು ಅಕ್ಕನನ್ನು ಇಳಿಸಿ ತಾವು ಹತ್ತಿದರು. ಬಲಗಾಲು ಪೈಪಿನ ಮೇಲೆ, ಎಡಗಾಲು ಒಳಗೆ. ಕಿಡಿಗೆ ನಂಬಿಕೆ ಬರಲಿಲ್ಲ. ಅವನೂ ಎರಡೂ ಕಡೆ ಹತ್ತಿ ಇಳಿದ, ಗಾಡಿ ಎರಡೂ ಕಡೆ ವಾಲಿ ನಿಂತಿತು. ಲಾರಿಯವನು ತನ್ನ ಲಾರಿಯಲ್ಲೇ ಪರೀಕ್ಷಿಸಿ ನೋಡಿ, "ನಿಜ ಕಣ್ರೀ, ನಾನು ಇಷ್ಟು ವರ್ಷದಿಂದ ಬಲಗಾಲಲ್ಲೇ ಏಳ್ತಿದ್ದೀನಿ," ಎಂದು ವರದಿ ಮಾಡಿದ. ಯಾವ ಕಡೆಯ ಬಾಗಿಲೋ ಆ ಕಡೆಯ ಕಾಲೇ ಮೈಭಾರವನ್ನು ಎತ್ತಬೇಕು. ದೊಡ್ಡವರಾದ ನಾಲ್ವರು ಗಂಡಸರು ಅಂದು ಕಂಡುಕೊಂಡ ಸತ್ಯ ಇದು.

ಭಾವ ಸ್ಲೈಡರಿನ ಮೇಲೆ ಕುಳಿತುಬಿಟ್ಟರು. ಅದು ಅವರ ಭಾರವನ್ನೂ ಸದ್ದಿಲ್ಲದೆ ಹೊತ್ತಿತು.

"ಒಂದು ಕಣ್ಣಿಗೆ ಮುಚ್ಚಳ ಹಾಕಿ ಇನ್ನೊಂದನ್ನೇ ನೋಡ್ತಾ ಕೂತಿದ್ದೆ," ಎಂದರು. "ಎಡಬಾಗಿಲಿಗೆ ಇಟ್ಟಿಗೆ, ಎಡಬಾಗಿಲಿಗೆ ಮೆಟ್ಟಿಲು, ಎಡಬಾಗಿಲಿಗೆ ರಬ್ಬರ್. ಆ ಕಡೆ ಒಂದು ಬಾಗಿಲಿದೆ ಅಂತಲೇ ಹೊಳೆಯಲಿಲ್ಲ."

"ಅಂಗಡೀಲೂ ಮುಚ್ಚಳ ತೆಗೆಯೋದು ಮರೀತಿದ್ರಾ?" ಎಂದಳು ಅಕ್ಕ. "ಎಷ್ಟು ಜನ ಒಂದೇ ಕಣ್ಣಲ್ಲಿ ಮನೆಗೆ ಹೋದರೋ."

ಕಿಡಿ ಗಹಗಹಿಸಿ ನಕ್ಕ. ಭಾವ ನಗಲಿಲ್ಲ. ತಲೆ ಎತ್ತಿ ಕೇಳಿದರು: "ನಾನು ಓಡಿಸ್ತೀನಿ ಅಂತ ನೀನು ಒಂದು ಸಲವೂ ಹೇಳಲಿಲ್ಲವಲ್ಲೇ."

ಈ ಸಲ ಅಕ್ಕನ ಉತ್ತರ ನಿಧಾನವಾಗಿ ಬಂತು. "ಪ್ರತಿಸಲ ಎಡಬಾಗಿಲು ತೆಗೆದು ಹಿಡ್ಕೊಂಡು ನಿಂತಿರ್ತೀರಿ. ಅಷ್ಟು ಚೆನ್ನಾಗಿ ನಿಂತಿರೋವಾಗ ನಿಮ್ಮನ್ನ ದಾಟಿ ಆ ಕಡೆ ಹೋಗೋದು ಹೇಗೆ?"

ಕಿಡಿ ಮುಸುಕನ್ನು ಮುಖದ ಮೇಲೆ ಎಳೆದುಕೊಂಡ, ಬೆಸೆಯುವುದಕ್ಕೆ ಅಲ್ಲಿ ಏನೂ ಇಲ್ಲದಿದ್ದರೂ. ಆಮೇಲೆ ಅದರ ಒಳಗಿನಿಂದಲೇ ಕೇಳಿದ: "ಹಾಗಾದರೆ ಈ ರಬ್ಬರ್ ಮೆಟ್ಟಿಲು ಬಿಚ್ಚಿಬಿಡಲಾ ಅಮ್ಮಾ?"

"ಬಿಚ್ಚಬೇಡ," ಎಂದಳು ಅಕ್ಕ. "ಇನ್ನು ಆ ಕಡೆ ಕೂರೋರು ಇವರು. ಇವರ ಸೊಂಟ ಯಾವಾಗ ಹಿಡ್ಕೊಳ್ಳುತ್ತೋ."

ಮೊದಲ ಬಿಸಿಲಿನ ದಿನವೇ ಹೊರಟೆವು. ಅಕ್ಕ ಬಲಕ್ಕೆ, ಭಾವ ಎಡಕ್ಕೆ, ನಾನು ಹಿಂದೆ. ಎಡಸೀಟಿನಲ್ಲಿ ಕೂತ ಭಾವ ಇಲ್ಲದ ಬ್ರೇಕನ್ನು ದಾರಿಯುದ್ದಕ್ಕೂ ಒತ್ತುತ್ತಿದ್ದರು.

"ಕಾಲು ನೋಯಲ್ವಾ ನಿಮಗೆ?" ಎಂದು ಅಕ್ಕ ಕೇಳಿದಳು.

"ಅಭ್ಯಾಸ," ಎಂದರು ಭಾವ.

ಹಳ್ಳದ ಅಂಚಿನಲ್ಲಿ ಅವಳು ನಿಲ್ಲಿಸಿ, ನೀರನ್ನು ಓದಿದಳು. ಆಮೇಲೆ ನಾವಿಬ್ಬರೂ ಎಂದೂ ಹಿಡಿಯದ ಜಾಡನ್ನು ಹಿಡಿದು, ಅತ್ತೆಕಲ್ಲಿನ ಬಲಕ್ಕೂ ಹೋಗದೆ, ದೂರಕ್ಕೂ ಹೋಗದೆ, ಅದರ ಮಗ್ಗುಲಿಗೇ ಒರಗಿದಂತೆ ನಡೆಸಿದಳು. ಕಲ್ಲು ಬಲಬದಿಯ ಪೈಪಿಗೆ ತಗಲಿತು. ಭಾವ ಕಣ್ಣು ಮುಚ್ಚಿದರು. ಈ ಸಲ ಹಲ್ಲು ಕಡಿದ ಸದ್ದಿರಲಿಲ್ಲ. ಉದ್ದನೆಯ, ತಗ್ಗಿದ, ಒಂದು ಬಗೆಯ ಗೊಣಗಾಟವಿತ್ತು. ಗಾಡಿ ತುಸು ಮೇಲೆದ್ದು, ಜಾರಿ, ಹಗುರಾಗಿ ಮುಂದಕ್ಕೆ ಇಳಿಯಿತು.

"ಬರ್ತೀನಿ ಅತ್ತೆ," ಎಂದಳು ಅಕ್ಕ ಕಿಟಕಿಯಿಂದ.

ಆಚೆ ದಡದಲ್ಲಿ ಇಳಿದು ನೋಡಿದೆವು. ಒರಟು ಕಪ್ಪಿನ ಮೇಲೆ ಬೆಳ್ಳಿಯ ಬಣ್ಣದ ಒಂದು ಗೆರೆ, ಅಷ್ಟೇ. ಬಾಗಿಲು ಪೂರ್ತಿ ತೆರೆಯುತ್ತಿತ್ತು. ಭಾವ ಆ ಗೆರೆಯನ್ನು ಬೆರಳಿನಿಂದ ಸವರಿ, ಒರೆಸಲು ಹೋಗಿ, ಬೇಡವೆಂದು ಬಿಟ್ಟರು.

ಇಳಿಜಾರಿನಲ್ಲಿ ಹೂವು ಬಿಟ್ಟಿತ್ತು. ಸ್ಟೂಲನ್ನು ತಂದಿದ್ದೆವು, ಅಕ್ಕ ಅದರ ಮೇಲೆ ಕೂತು ಪೆಟ್ಟಿಗೆಯ ಮುಚ್ಚಳ ಎತ್ತಿ, ಹೊಗೆ ಊದಿ, ಆಲಿಸಿದಳು. ಒಳಗಿನ ಮರ್ಮರ ನಮ್ಮ ತನಕ ಬಂತು. ನಾನು ಅವಳ ಮುಖ ನೋಡುತ್ತ ನಿಂತೆ.

"ಪುಟ್ಟ," ಎಂದಳು ತಲೆ ಎತ್ತದೆ. "ನರ್ಸರಿಯವಳಿಗೆ ಫೋನ್ ಮಾಡಬೇಕು ಕಣೋ. ನೆನಪು ಮಾಡು."

ನಾನು ಒಂದು ಹೆಜ್ಜೆ ಹತ್ತಿರ ಹೋದೆ. "ಏನಂತ?"

"ಜೇನು ಸಾಕಬೇಕು ಅಂದರೆ ಹೊಸ ಪೆಟ್ಟಿಗೆ ಮಾಡಿಸಿಕೊಳ್ಳಲಿ, ಹೇಳಿಕೊಡ್ತೀನಿ. ಇವು ಎಲ್ಲಿಗೂ ಹೋಗಲ್ಲ."

ಭಾವ ಬೆನ್ನು ತಿರುಗಿಸಿ ನಿಂತು ಕನ್ನಡಕ ಒರೆಸಿಕೊಂಡರು. ಅದು ಮೊದಲೇ ಸ್ವಚ್ಛವಾಗಿತ್ತು.

ಕೆಲಸ ಮುಗಿಸಿ ಗಾಡಿಯ ಬಳಿ ಬಂದಾಗ ಅಕ್ಕ ಬಲಗಾಲನ್ನು ಪೈಪಿನ ಮೇಲಿಟ್ಟು, ಹತ್ತುವ ಮೊದಲು ನಿಂತು, ಗಾಡಿಯ ಆಚೆ ಬದಿಗಿದ್ದ ಭಾವನನ್ನು ನೋಡಿದಳು.

"ಈಗ ನೀವು ಹೇಳಿ. ಹಳ್ಳ ದಾಟೋದರಲ್ಲಿ ನೀವು ಓಡಿಸಿದ್ದು ಚೆನ್ನಾಗಿತ್ತೋ, ನಾನು ಓಡಿಸಿದ್ದೋ? ಮೊದಲನೇದೋ, ಎರಡನೇದೋ?"

ಭಾವ ಗಲ್ಲ ಕೆರೆದುಕೊಂಡು ಬಹಳ ಹೊತ್ತು ಯೋಚಿಸಿದರು. "ಇನ್ನೊಂದ್ಸಲ ತೋರಿಸು," ಎಂದರು.

ಅಕ್ಕ ಹತ್ತಿ ಕೂತಳು. ಎಡಬಾಗಿಲನ್ನು ನಾನು ತೆರೆದು ಹಿಡಿದೆ.